ಹೋಟೆಲ್ ಆಮೇಲೆ, ಮೊದಲು ಮೊಹಲ್ಲಾ ಹುಡುಕಿ

ಪ್ರಶ್ನೆ: ಅಸ್ಸಲಾಮು ಅಲೈಕುಂ. ಮುಂದಿನ ರಜೆಗೆ ನಾವು ಐದು ಜನ ಬ್ಯಾಂಕಾಕ್, ಸಿಯೋಲ್, ಟೋಕಿಯೋ ನೋಡಲು ಹೊರಟಿದ್ದೇವೆ. ನಾನು, ನನ್ನ ಹೆಂಡತಿ, 68 ವರ್ಷದ ಅಮ್ಮಿ, 14 ವರ್ಷದ ಮಗಳು, 9 ವರ್ಷದ ಮಗ. ಒಟ್ಟು 13 ದಿನ. ಅಮ್ಮಿಗೆ ಊಟದ್ದೇ ಚಿಂತೆ. "ನಾನು ಬ್ರೆಡ್ಡು ಬಾಳೆಹಣ್ಣು ತಿಂದ್ಕೊಂಡು ಇರ್ತೀನಿ ಬಿಡು" ಅಂತಾರೆ. ಮಗಳಿಗೆ ಟೋಕಿಯೋದಲ್ಲಿ ರಾಮೆನ್ (ಸಾರಿನ ನೂಡಲ್ಸ್) ತಿನ್ನಲೇಬೇಕಂತೆ. ಹಲಾಲ್ ಊಟ ಹೇಗೆ ಹುಡುಕುವುದು? ಆ್ಯಪ್‌ಗಳನ್ನು ನಂಬಬಹುದಾ? ನಮಾಜ್ ತಪ್ಪದ ಹಾಗೆ ಏನೇನು ನೋಡಬಹುದು?

ಉತ್ತರ: ವಅಲೈಕುಂ ಅಸ್ಸಲಾಂ. ನಿಮ್ಮ ತಾಯಿಗೆ ಮೊದಲು ಒಂದು ಮಾತು ಹೇಳಿ. ಬಾಳೆಹಣ್ಣು ಸರಿ, ಬ್ರೆಡ್ಡನ್ನು ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಜಪಾನಿನ ಬ್ರೆಡ್ಡಿಗೆ ಹಾಕುವ ಶಾರ್ಟನಿಂಗ್ (ಗಟ್ಟಿ ಕೊಬ್ಬು), ಎಮಲ್ಸಿಫೈಯರ್ (ಎಣ್ಣೆ, ನೀರು ಬೆರೆಯಲು ಹಾಕುವ ಪದಾರ್ಥ) ಸಸ್ಯದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ಅದಕ್ಕಿಂತ ಮಸೀದಿ ಪಕ್ಕದ ಗಲ್ಲಿಯಲ್ಲಿ ಬಿಸಿ ಬಿಸಿ ಬಿರಿಯಾನಿ ತಿನ್ನುವುದೇ ನೆಮ್ಮದಿ. ಅದು ಈ ಮೂರೂ ಊರುಗಳಲ್ಲಿ ಸಿಗುತ್ತದೆ.

ಕುಟುಂಬಗಳಿಗೆ ಇಂಥ ಪ್ರವಾಸ ಜೋಡಿಸಿಕೊಡುವ ಕೆಲಸವನ್ನು ನಾನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಹೆಚ್ಚಿನವರು ಒಂದೇ ತಪ್ಪು ಮಾಡುತ್ತಾರೆ. ನೋಡುವ ಜಾಗಗಳ ಪಟ್ಟಿ ಮೊದಲು ಮಾಡುತ್ತಾರೆ. ಊಟದ ಯೋಚನೆ ಬರುವುದು ಮಧ್ಯಾಹ್ನ ಒಂದು ಗಂಟೆಗೆ, ಮಕ್ಕಳು ಹಸಿವು ಅಂತ ಅಳಲು ಶುರು ಮಾಡಿದಾಗ. ಆಗ ಫೋನ್ ತೆಗೆದು "ಹಲಾಲ್" ಅಂತ ಹುಡುಕಿದರೆ ಹತ್ತಿರದ ಹೋಟೆಲ್ ಮೂರು ರೈಲು ಬದಲಾಯಿಸುವಷ್ಟು ದೂರ ಇರುತ್ತದೆ. ನೀವು ಇದನ್ನು ತಿರುಗಿಸಿ. ಆ ಊರಿನಲ್ಲಿ ಮುಸ್ಲಿಮರು ಎಲ್ಲಿ ಇದ್ದಾರೆ, ಎಲ್ಲಿ ನಮಾಜ್ ಮಾಡುತ್ತಾರೆ ಅಂತ ಮೊದಲು ನೋಡಿ. ಜನ ಇದ್ದಲ್ಲಿ ಕಸಾಯಿ ಅಂಗಡಿ ಇರುತ್ತದೆ, ಅದರ ಪಕ್ಕ ಊಟ ಇರುತ್ತದೆ. ನಕ್ಷೆಯಲ್ಲಿ ಆ ಮೊಹಲ್ಲಾ ಗುರುತು ಮಾಡಿ, ಅದರ ಸುತ್ತ ದಿನದ ತಿರುಗಾಟ ಜೋಡಿಸಿ. ಎಷ್ಟೋ ಸಲ ಆ ಮೊಹಲ್ಲಾವೇ ಊರಿನಲ್ಲಿ ನೋಡಲೇಬೇಕಾದ ಜಾಗವೂ ಆಗಿರುತ್ತದೆ.

ಬ್ಯಾಂಕಾಕ್‌ನಿಂದ ಶುರು ಮಾಡೋಣ. ಮೂರರಲ್ಲಿ ಇದೇ ಸುಲಭ, ಹಾಗಾಗಿ ಪ್ರವಾಸವನ್ನು ಇಲ್ಲಿಂದಲೇ ಶುರು ಮಾಡಿ. ಅಮ್ಮಿಗೆ ಧೈರ್ಯ ಬರುತ್ತದೆ. ಮಧ್ಯ ಊರಿನಲ್ಲಿ ಸೇನ್ ಸೇಪ್ ಅನ್ನುವ ಕಾಲುವೆ ಇದೆ. ಅದರ ಒಂದು ದಡದಲ್ಲಿ ಪ್ರವಾಸಿಗರೆಲ್ಲ ಹೋಗುವ ಜಿಮ್ ಥಾಂಪ್ಸನ್ ಮನೆ. ಎದುರು ದಡದಲ್ಲಿ ಬಾನ್ ಕ್ರುವಾ ಅನ್ನುವ ಹಳೆಯ ಕೇರಿ. ಇಲ್ಲಿನವರು ಚಾಮ್ ಮುಸ್ಲಿಮರು. ಅವರ ಹಿರಿಯರು 18ನೇ ಶತಮಾನದ ಕೊನೆಯಲ್ಲಿ ಕಾಂಬೋಡಿಯಾ ಕಡೆಯಿಂದ ಬಂದು ಥಾಯ್ ದೊರೆ ಒಂದನೇ ರಾಮ ರಾಜನ ಪರವಾಗಿ ಯುದ್ಧ ಮಾಡಿದ್ದರು. ರಾಜ ಅವರಿಗೆ ಈ ಜಾಗ ಕೊಟ್ಟ. ಅಮೆರಿಕದ ಜಿಮ್ ಥಾಂಪ್ಸನ್ ಜಗತ್ತಿಗೆ ಮಾರಿದ ಥಾಯ್ ರೇಷ್ಮೆಯನ್ನು ನೇಯ್ದವರು ಇದೇ ಕೇರಿಯ ಮನೆಗಳವರು. ಹೆಚ್ಚಿನ ಪ್ರವಾಸಿಗರು ಥಾಂಪ್ಸನ್ ಮನೆ ನೋಡಿ ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ನೀವು ಸೇತುವೆ ದಾಟಿ ಆ ಕಡೆಗೂ ಹೋಗಿ. ಗಲ್ಲಿ ಎಷ್ಟು ಕಿರಿದು ಅಂದರೆ ಎದುರಿನಿಂದ ಒಬ್ಬರು ಬಂದರೆ ಪಕ್ಕಕ್ಕೆ ಸರಿಯಬೇಕು. ಸಲಾಂ ಹೇಳಿದರೆ ನಗುತ್ತಾ ಸಲಾಂ ಹೇಳುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಪೆಚ್ಚಬುರಿ ರಸ್ತೆಯ 7ನೇ ಸೋಯಿಯಲ್ಲಿ, ಅಂದರೆ 7ನೇ ಗಲ್ಲಿಯಲ್ಲಿ, ದಾರುಲ್ ಅಮಾನ್ ಮಸೀದಿ ಇದೆ. ಅದರ ಸುತ್ತ ಊಟದ ಅಂಗಡಿಗಳು. ರಾಚತೇವಿ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. "ಖಾವ್ ಮೊಕ್ ಗೈ" ಅಂತ ಕೇಳಿ. ಅರಿಶಿನ ಬಣ್ಣದ ಅನ್ನ, ಒಳಗೆ ಕೋಳಿ, ಮೇಲೆ ಹುರಿದ ಈರುಳ್ಳಿ. ಅಮ್ಮಿ ಒಂದು ತುತ್ತು ತಿಂದರೆ ಸಾಕು, ಇದು ಬಿರಿಯಾನಿಯ ತಂಗಿ ಅಂತ ಅವರಿಗೇ ಗೊತ್ತಾಗುತ್ತದೆ.

ತಳ್ಳುಗಾಡಿಗಳ ಮೇಲೆ "ಆಹಾನ್ ಇಸ್ಲಾಂ" ಅಂತ ಥಾಯ್ ಲಿಪಿಯಲ್ಲಿ ಬರೆದಿರುತ್ತದೆ. ಆಹಾನ್ ಅಂದರೆ ನಮ್ಮ ಆಹಾರವೇ, ಉಚ್ಚಾರ ಮಾತ್ರ ಬೇರೆ. ಜೊತೆಗೆ ಚಂದ್ರ, ನಕ್ಷತ್ರದ ಗುರುತು ಇರುತ್ತದೆ. ಪ್ಯಾಕೆಟ್ ತಿಂಡಿಗಳ ಮೇಲೆ ಥಾಯ್ಲೆಂಡಿನ ಕೇಂದ್ರ ಇಸ್ಲಾಮಿಕ್ ಮಂಡಳಿಯ ವಜ್ರಾಕಾರದ ಹಲಾಲ್ ಮೊಹರು ನೋಡಿ. ಸಾಧಾರಣ ದಿನಸಿ ಅಂಗಡಿಯಲ್ಲೂ ಬೇಕಾದಷ್ಟು ಸಿಗುತ್ತದೆ, ನಿಮ್ಮ ಮಗನ ಬ್ಯಾಗು ತುಂಬಿಸಿಬಿಡಿ. "ಮೂ" ಅಂದರೆ ಹಂದಿಮಾಂಸ. ಈ ಒಂದು ಪದ ಎಲ್ಲರೂ ಬಾಯಿಪಾಠ ಮಾಡಿ.

ನದಿ ದಡದ ಚರೋನ್ ಕ್ರುಂಗ್ 36ನೇ ಸೋಯಿಯ ಹಾರೂನ್ ಮಸೀದಿಯನ್ನೂ ಬಿಡಬೇಡಿ. ಶುಕ್ರವಾರ ಹೋದರೆ ಇನ್ನೂ ಒಳ್ಳೆಯದು. ಜುಮಾ ಮುಗಿಯುವ ಹೊತ್ತಿಗೆ ಗಲ್ಲಿಯಲ್ಲಿ ತಿಂಡಿ ಹರಡಿಕೊಂಡು ಕೂತಿರುತ್ತಾರೆ. ಓರಿಯೆಂಟಲ್ ದೋಣಿ ಕಟ್ಟೆಗೆ ಅದು ಹತ್ತಿರ, ಅಲ್ಲಿಂದ ದೋಣಿಯಲ್ಲೇ ಅರಮನೆ ಕಡೆಗೆ ಹೋಗಬಹುದು. ಅರಮನೆಯಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು ಅನ್ನುವ ನಿಯಮ ಇದೆ. ನಿಮ್ಮವರಿಗೆ ಅದು ತೊಂದರೆಯೇ ಅಲ್ಲ. ಸಮಯ ಸಿಕ್ಕಿದರೆ ನದಿಯ ಆಚೆ, ಥೋನ್‌ಬುರಿ ಕಡೆ, ಬಾಂಗ್ ಲುವಾಂಗ್ ಮಸೀದಿ ನೋಡಿ. ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಬಿಳಿ ಗೋಡೆ, ಥಾಯ್ ದೇವಾಲಯದ ಹಾಗೆ ಇಳಿಜಾರು ಚಾವಣಿ. ನನಗೆ ಬಹಳ ಇಷ್ಟವಾದ ಜಾಗ.

ಈಗ ಒಂದು ಹಳೆಯ ವಿಷಯ ಹೇಳಬೇಕು. ಇದು ಗೊತ್ತಿದ್ದರೆ ಸಿಯೋಲ್, ಟೋಕಿಯೋ ಎರಡರಲ್ಲೂ ನಿಮಗೆ ಉಪಯೋಗ. ಮೊದಲ ಸಲ ಟೋಕಿಯೋಗೆ ಹೋದಾಗ ಒಂದು ಚಿಕ್ಕ ನೂಡಲ್ಸ್ ಅಂಗಡಿಯಲ್ಲಿ ತರಕಾರಿ ಬಟ್ಟಲು ಕೇಳಿದೆ. "ಪೋರ್ಕ್ ಇಲ್ಲ ತಾನೇ?" ಅಂದೆ. "ಇಲ್ಲ ಇಲ್ಲ" ಅಂದರು. ಬಟ್ಟಲು ಬಂತು. ಮೇಲೆ ಎಲೆಕೋಸು, ಜೋಳ, ಕಳಲೆ. ಕೆಳಗೆ ಹಾಲಿನ ಹಾಗೆ ಬೆಳ್ಳಗಿನ, ಸ್ವಲ್ಪ ಅಂಟು ಅಂಟಾದ ಸಾರು. ಚಮಚ ಎತ್ತಿದವನಿಗೆ ಯಾಕೋ ಅನುಮಾನ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗನಿಗೆ ಇಂಗ್ಲಿಷ್ ಬರುತ್ತಿತ್ತು, ಕೇಳಿದೆ. ಅದು ಹಂದಿಯ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಸಾರು, ಅದಕ್ಕೆ ತೊಂಕೊತ್ಸು ಅಂತ ಹೆಸರು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಪೋರ್ಕ್ ಅಂದರೆ ಕಣ್ಣಿಗೆ ಕಾಣುವ ತುಂಡು. ಸಾರು ಸಾರಷ್ಟೇ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಅವತ್ತಿನಿಂದ "ಇದು ಹಲಾಲಾ?" ಅಂತ ಕೇಳುವುದನ್ನೇ ಬಿಟ್ಟೆ. ಆ ಪದ ಗೊತ್ತಿಲ್ಲದವರು ಮರ್ಯಾದೆಗೆ ಹೌದು ಅಂದುಬಿಡುತ್ತಾರೆ. ಬಿಡಿ ಬಿಡಿಯಾಗಿ ಕೇಳಬೇಕು. ಸಾರು ಯಾವುದರದ್ದು? ಕರಿಯುವ ಎಣ್ಣೆ ಯಾವುದು, ಅದರಲ್ಲಿ ಹಂದಿಯದ್ದನ್ನೂ ಕರಿಯುತ್ತೀರಾ? ಸಾಸಿಗೆ ಸಾಕೆ, ಮಿರಿನ್ ಅನ್ನುವ ಅಕ್ಕಿ ಮದ್ಯ, ಇಲ್ಲವೇ ವೈನ್ ಹಾಕುತ್ತೀರಾ? ಈ ಮೂರು ಪ್ರಶ್ನೆಗಳನ್ನು ಜಪಾನಿ, ಕೊರಿಯನ್, ಥಾಯ್ ಭಾಷೆಗಳಲ್ಲಿ ಬರೆಸಿ ಒಂದು ಕಾರ್ಡ್ ಮಾಡಿಕೊಳ್ಳಿ. ಫೋನ್ ಚಾರ್ಜ್ ಮುಗಿದರೂ ಕೈಯಲ್ಲಿ ಕಾಗದ ಇರಲಿ. ಕಾರ್ಡ್ ತೋರಿಸಿದರೆ ಅಡುಗೆಮನೆಗೆ ಹೋಗಿ ಬಾಟಲಿಯನ್ನೇ ತಂದು ತೋರಿಸಿದವರನ್ನು ನಾನು ನೋಡಿದ್ದೇನೆ. "ಬೇಡ, ಇಲ್ಲಿ ತಿನ್ನಬೇಡಿ" ಅಂತ ಕೈಮುಗಿದು ಕಳಿಸಿದವರೂ ಇದ್ದಾರೆ. ಇಬ್ಬರಿಗೂ ನಾನು ಋಣಿ.

ಇನ್ನೊಂದು ಕೆಲಸ ಹೊರಡುವ ಮೊದಲು ಮನೆಯಲ್ಲೇ ಮುಗಿಸಿ. ನಿಮ್ಮ ಗೆರೆ ಎಲ್ಲಿ ಅಂತ ಎಲ್ಲರೂ ಕೂತು ಮಾತಾಡಿಕೊಳ್ಳಿ. ಮದ್ಯ ಮಾರುವ ಹೋಟೆಲಿನಲ್ಲಿ ಹಲಾಲ್ ಊಟ ಸಿಕ್ಕರೆ ಕೂರುತ್ತೀರಾ? ಮೀನು, ಮೊಟ್ಟೆ, ತರಕಾರಿ ಮಾತ್ರ ಅಂದರೆ ಸಾಮಾನ್ಯ ಹೋಟೆಲ್ ಆಗುತ್ತಾ? ಸೋಯಾ ಸಾಸ್ ಹುದುಗುವಾಗ ತಾನಾಗಿಯೇ ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತದೆ, ಅದಕ್ಕೆ ಏನು ಹೇಳುತ್ತೀರಿ? ನಮ್ಮ ಮಜಹಬ್‌ಗಳಲ್ಲಿ (ಧರ್ಮದ ನಿಯಮ ಹೇಳುವ ಪಂಥಗಳಲ್ಲಿ) ಶಾಫಿಗಳಿಗೆ ಸ್ಕ್ವಿಡ್ ಅಡ್ಡಿಯಿಲ್ಲ. ಹನಫಿಗಳಾದರೆ ಸಮುದ್ರದ್ದರಲ್ಲಿ ಮೀನು ಮಾತ್ರ, ಸಿಗಡಿಯ ಬಗ್ಗೆ ಅವರಲ್ಲೇ ಎರಡು ಮಾತಿದೆ. ಇದನ್ನೆಲ್ಲ ನೀವು ನಂಬುವ ಆಲಿಮರ (ಧರ್ಮ ವಿದ್ವಾಂಸರ) ಹತ್ತಿರ ಕೇಳಿಕೊಳ್ಳಿ, ನಾನು ಫತ್ವಾ ಕೊಡುವವನಲ್ಲ. ಆದರೆ ಬೀದಿಯಲ್ಲಿ, ಹಸಿದ ಹೊಟ್ಟೆಯಲ್ಲಿ, ಗಂಡ ಹೆಂಡತಿ ನಿಂತುಕೊಂಡು ಇದನ್ನು ಚರ್ಚೆ ಮಾಡುವ ಹಾಗಾಗಬಾರದು.

ಸಿಯೋಲ್‌ನಲ್ಲಿ ನಿಮ್ಮ ಮೊಹಲ್ಲಾ ಇಟೆವಾನ್. 1976ರಲ್ಲಿ ತೆರೆದ ಸಿಯೋಲ್ ಕೇಂದ್ರ ಮಸೀದಿ ಅಲ್ಲಿನ ಗುಡ್ಡದ ಮೇಲಿದೆ. ಮೆಟ್ರೋದ 6ನೇ ಲೈನಿನಲ್ಲಿ ಇಟೆವಾನ್ ಸ್ಟೇಷನ್‌ಗೆ ಬಂದು ನಡೆಯುವವರೇ ಜಾಸ್ತಿ. ಆದರೆ ದಾರಿ ಏರು, ಅಮ್ಮಿಯ ಮಂಡಿಗೆ ಬೇಡ. ಮಸೀದಿ ಗೇಟಿನವರೆಗೂ ಟ್ಯಾಕ್ಸಿ ಮಾಡಿ, ಆಮೇಲೆ ಇಳಿಜಾರಿನಲ್ಲಿ ನಿಧಾನವಾಗಿ ಊಟ, ಅಂಗಡಿ ನೋಡುತ್ತಾ ಇಳಿಯಿರಿ. ಹಲಾಲ್ ಮಾಂಸದ ಅಂಗಡಿ, ಟರ್ಕಿ, ಪಾಕಿಸ್ತಾನ, ಉಜ್ಬೆಕಿಸ್ತಾನದ ಊಟ, ಹಲಾಲ್ ಮಾಂಸದಲ್ಲೇ ಮಾಡಿದ ಕೊರಿಯನ್ ಊಟ, ಎಲ್ಲ ಆ ಸುತ್ತಲೇ. ಸಿಯೋಲ್‌ನಲ್ಲಿ ಇರುವಷ್ಟು ರಾತ್ರಿಯೂ ಅಲ್ಲೇ ಹತ್ತಿರ ಉಳಿದುಕೊಳ್ಳಿ ಅನ್ನುವುದು ನನ್ನ ಸಲಹೆ.

ಕೊರಿಯಾದ ಪ್ರವಾಸೋದ್ಯಮ ಸಂಸ್ಥೆ ಮುಸ್ಲಿಂ ಪ್ರವಾಸಿಗರಿಗಾಗಿ ಹೋಟೆಲ್‌ಗಳನ್ನು ನಾಲ್ಕು ಗುಂಪು ಮಾಡಿದೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ, ಇಲ್ಲೇ ಜನ ಎಡವುವುದು. "ಹಲಾಲ್ ಸರ್ಟಿಫೈಡ್" ಅಂದರೆ ಹಲಾಲ್ ಸಂಸ್ಥೆಯೊಂದು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿದೆ. "ಸೆಲ್ಫ್ ಸರ್ಟಿಫೈಡ್" ಅಂದರೆ ಮುಸ್ಲಿಂ ಮಾಲೀಕರೋ ಅಡುಗೆಯವರೋ ತಾವೇ ಹೇಳುತ್ತಾರೆ, ಹೊರಗಿನವರ ಪರೀಕ್ಷೆ ಇಲ್ಲ. "ಮುಸ್ಲಿಂ ಫ್ರೆಂಡ್ಲಿ" ಅಂದರೆ ಕೆಲವು ಹಲಾಲ್ ಅಡುಗೆ ಇದೆ, ಪಕ್ಕದ ಟೇಬಲ್ಲಿನಲ್ಲಿ ಮದ್ಯವೂ ಇರಬಹುದು. "ಪೋರ್ಕ್ ಫ್ರೀ" ಅಂದರೆ ಹಂದಿ ಇಲ್ಲ, ಅಷ್ಟೇ. ಕೋಳಿ, ದನದ ಮಾಂಸ ಹಲಾಲ್ ಅಂತ ಅದರ ಅರ್ಥ ಅಲ್ಲ. ಆ್ಯಪ್‌ಗಳಲ್ಲಿ ಈ ನಾಲ್ಕನ್ನೂ ಒಂದೇ ಹಸಿರು ಚುಕ್ಕಿಯಲ್ಲಿ ತೋರಿಸಿದರೆ ನಮಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

"ಡ್ವೇಜಿ" ಅಂದರೆ ಹಂದಿ. ಕೆಂಪು ಮೆಣಸಿನ ಗೊಚುಜಾಂಗ್ ಪೇಸ್ಟ್ ಬಹಳ ಅಡುಗೆಗೆ ಬೀಳುತ್ತದೆ, ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಕೆಡದಿರಲಿ ಅಂತ ಆಲ್ಕೋಹಾಲ್ ಸೇರಿಸುವುದು ಸಾಮಾನ್ಯ. ಹಾಗಾಗಿ ಬರೀ ತರಕಾರಿಯ ಬಿಬಿಂಬಾಪ್ ಅನ್ನುವ ಕಲಸಿದ ಅನ್ನ ತೆಗೆದುಕೊಂಡರೂ ಪೇಸ್ಟ್ ಬಗ್ಗೆ ಕೇಳಿ. ನೋಡುವುದಕ್ಕೆ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಇದ್ದೇ ಇದೆ. ಮಂಗಳವಾರ ರಜೆ, ನೆನಪಿರಲಿ. ಹಾನ್‌ಬೊಕ್ ಉಡುಪು ತೊಟ್ಟು ಹೋದರೆ ಟಿಕೆಟ್ ಇಲ್ಲ. ಅದು ಉದ್ದ ತೋಳಿನ, ಪಾದದವರೆಗೆ ಬರುವ ಸಡಿಲ ಬಟ್ಟೆ. ಹಿಜಾಬ್ ಜೊತೆಗೆ ಚೆನ್ನಾಗಿ ಹೊಂದುತ್ತದೆ, ನಿಮ್ಮ ಮಗಳು ಖಂಡಿತ ಬಿಡುವುದಿಲ್ಲ. ಇಡೀ ದಿನ ಹೊರಗೆ ಹೋಗುವುದಾದರೆ ನಾಮಿ ದ್ವೀಪ. ಮರಗಳ ಸಾಲು, ನೀರು, ನಡೆದಾಡಲು ಸಮತಟ್ಟು ಜಾಗ. ನಮಾಜ್ ಕೋಣೆಯೂ ಇದೆ, ಹಲಾಲ್ ಊಟವೂ ಇದೆ.

ಟೋಕಿಯೋಗೆ ಮೂರು ಜಾಗ ಬರೆದುಕೊಳ್ಳಿ. ಒಂದು, ಯೊಯೊಗಿ ಉಯೆಹಾರಾ ಸ್ಟೇಷನ್ ಹತ್ತಿರದ ಟೋಕಿಯೋ ಜಾಮಿ. ರಷ್ಯಾ ಕಡೆಯಿಂದ ಬಂದ ತಾತಾರ್ ಮುಸ್ಲಿಮರು 1938ರಲ್ಲಿ ಇಲ್ಲಿ ಮಸೀದಿ ಕಟ್ಟಿದ್ದರು. ಅದು ಹಳತಾಗಿ 1986ರಲ್ಲಿ ಕೆಡವಿದರು. ಈಗಿನದು ಟರ್ಕಿಯವರು ಕಟ್ಟಿ 2000ದಲ್ಲಿ ತೆರೆದದ್ದು. ಒಳಗೆ ಕೂತು ತಲೆ ಎತ್ತಿ ಗುಮ್ಮಟದ ಚಿತ್ತಾರ ನೋಡಿ. ಜಪಾನಿನ ಜನ ಬೇಕಾದಷ್ಟು ಬಂದು ಸುಮ್ನೆ ಕೂತಿರುತ್ತಾರೆ. ಅಲ್ಲೇ ಹಲಾಲ್ ಅಂಗಡಿಯೂ ಇದೆ. ಮೇಜಿ ದೇಗುಲದ ಕಾಡು, ಹರಾಜುಕು ಬೀದಿ ಎರಡೂ ಅಲ್ಲಿಗೆ ದೂರವಿಲ್ಲ, ಒಂದೇ ದಿನದಲ್ಲಿ ಆಗುತ್ತದೆ. ಎರಡು, ಶಿನ್ ಓಕುಬೊ. ಶಿಂಜುಕುವಿನಿಂದ ಯಮನೋಟೆ ಲೈನಿನಲ್ಲಿ ಒಂದೇ ಸ್ಟೇಷನ್. ಅಲ್ಲಿನ ಒಂದು ಗಲ್ಲಿಗೆ ಜನ ಇಸ್ಲಾಂ ಯೊಕೊಚೊ ಅಂತಲೇ ಹೆಸರಿಟ್ಟಿದ್ದಾರೆ. ಬೇಳೆ, ಮಸಾಲೆ, ಹಲಾಲ್ ಕೋಳಿ ಎಲ್ಲ ಸಿಗುತ್ತದೆ. ಮೂರು, ಅಸಾಕುಸಾ ಮತ್ತು ಉಯೆನೊ ಕಡೆ. ಸೆನ್ಸೋಜಿ ದೇವಾಲಯ, ಅಮೆಯೊಕೊ ಬಜಾರು ನೋಡುವ ದಿನ ಒಕಾಚಿಮಾಚಿಯ ಅಸ್ಸಲಾಂ ಮಸೀದಿಯಲ್ಲಿ ನಮಾಜ್ ಮುಗಿಸಿಕೊಳ್ಳಬಹುದು.

ಜಪಾನಿನಲ್ಲಿ ಹಲಾಲ್‌ಗೆ ಸರ್ಕಾರದ ಒಂದೇ ಮೊಹರು ಅಂತ ಇಲ್ಲ. ಬೇರೆ ಬೇರೆ ಸಂಸ್ಥೆಗಳು ಕೊಡುತ್ತವೆ, ಅವುಗಳ ನಿಯಮವೂ ಸ್ವಲ್ಪ ಬೇರೆ ಬೇರೆ. ಮಲೇಷ್ಯಾದ ಜಾಕಿಂ, ಸಿಂಗಾಪುರದ ಮುಯಿಸ್ ಅನ್ನುವ ಸರ್ಕಾರಿ ಸಂಸ್ಥೆಗಳ ಮೊಹರು ನೋಡಿದಷ್ಟು ಸುಲಭವಾಗಿ ಇಲ್ಲಿ ಮನಸ್ಸು ನಿಶ್ಚಿಂತೆ ಆಗುವುದಿಲ್ಲ. ಸುಶಿ ಬರೀ ಮೀನು ಅಂದುಕೊಳ್ಳುತ್ತೇವೆ, ಅನ್ನಕ್ಕೆ ಹಾಕುವ ವಿನೆಗರ್‌ನಲ್ಲಿ ಮಿರಿನ್ ಇರಬಹುದು. ಮಿರಿನ್ ಅಂದರೆ ಸಿಹಿ ಅಕ್ಕಿ ಮದ್ಯ, ಅಸಲಿಯದ್ದರಲ್ಲಿ ಸುಮಾರು 14% ಆಲ್ಕೋಹಾಲ್. ಪ್ಯಾಕೆಟ್ಟುಗಳ ಮೇಲಿನ ಅಲರ್ಜಿ ಪಟ್ಟಿಯನ್ನೂ ಪೂರ್ತಿ ನಂಬಬೇಡಿ. ಹಂದಿಮಾಂಸ, ಪ್ರಾಣಿಯ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಎರಡೂ ಕಡ್ಡಾಯ ಪಟ್ಟಿಯಲ್ಲಿಲ್ಲ, "ಬರೆದರೆ ಒಳ್ಳೆಯದು" ಅನ್ನುವ ಪಟ್ಟಿಯಲ್ಲಿವೆ. ಪದಾರ್ಥಗಳ ಪೂರ್ತಿ ಪಟ್ಟಿಗೆ ಫೋನಿನ ಅನುವಾದ ಕ್ಯಾಮೆರಾ ಹಿಡಿದು ಓದಿ. ಹಂದಿ, ಮದ್ಯ ಈ ಎರಡು ಜಪಾನಿ ಅಕ್ಷರಗಳ ಚಿತ್ರವನ್ನು ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ. ಎರಡು ದಿನದಲ್ಲಿ ಮಕ್ಕಳೇ ನಿಮಗಿಂತ ಬೇಗ ಗುರುತು ಹಿಡಿಯುತ್ತಾರೆ.

ಆ್ಯಪ್ ಬಗ್ಗೆ ಕೇಳಿದ್ದೀರಿ. ಜಬೀಹಾ, ಹಲಾಲ್ ಟ್ರಿಪ್, ಜಪಾನಿಗೆ ಹಲಾಲ್ ನವಿ ಇಟ್ಟುಕೊಳ್ಳಿ. ಆದರೆ ಆ್ಯಪ್ ದಾರಿ ತೋರಿಸುವುದಕ್ಕೆ ಮಾತ್ರ, ತೀರ್ಮಾನ ನಿಮ್ಮದು. ಕೊನೆಯ ಅಭಿಪ್ರಾಯ ಯಾವಾಗ ಬರೆದದ್ದು ಅಂತ ನೋಡಿ. ಆರು ತಿಂಗಳಿಗಿಂತ ಹಳೆಯದಾದರೆ ನಾನು ಫೋನ್ ಮಾಡದೆ ಹೋಗುವುದಿಲ್ಲ. ಮಾಲೀಕರು ಬದಲಾಗಿರುತ್ತಾರೆ, ಅಂಗಡಿಯೇ ಮುಚ್ಚಿರುತ್ತದೆ. ಒಳಗೆ ಹೋದ ಮೇಲೆ ಗೋಡೆಯ ಮೇಲಿನ ಪ್ರಮಾಣಪತ್ರ ಓದಿ. ಅವಧಿ ಮುಗಿದಿದೆಯಾ? ಅದರಲ್ಲಿ ಬರೆದಿರುವ ವಿಳಾಸ ಇದೇ ಅಂಗಡಿಯದ್ದಾ, ಇನ್ನೊಂದು ಶಾಖೆಯದ್ದಾ? ಒಂದು ಶಾಖೆಗೆ ಸಿಕ್ಕ ಮೊಹರನ್ನು ನಾಲ್ಕು ಕಡೆ ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ಕೇಳಲು ಸಂಕೋಚ ಬೇಡ.

ಸಾಮಾನು ಕಟ್ಟುವಾಗ ಮಾಂಸ ಇರುವ ಯಾವುದನ್ನೂ ಇಡಬೇಡಿ. ಒಣಮಾಂಸ, ಮಾಂಸದ ಸೂಪಿನ ಪುಡಿ, ಯಾವುದೂ ಬೇಡ. ಜಪಾನ್, ಕೊರಿಯಾ ಎರಡೂ ಕಡೆ ಇದಕ್ಕೆ ಬಿಗಿ ಕಾನೂನು, ದಂಡ ದೊಡ್ಡದು. ಚಿಕ್ಕ ಕುಕ್ಕರ್ ತೆಗೆದುಕೊಂಡು ಹೋಗುವ ಯೋಚನೆ ಇದ್ದರೆ ಇದನ್ನೂ ಕೇಳಿ. ಜಪಾನಿನ ಕರೆಂಟ್ 100 ವೋಲ್ಟ್. 230 ವೋಲ್ಟಿಗೆ ಮಾಡಿದ ಕುಕ್ಕರ್ ಅಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಬಿಸಿಯಾಗುತ್ತದೆ. ಒಂದು ಮನೆಯವರು ರಾತ್ರಿ ಹನ್ನೊಂದರವರೆಗೂ ಅಕ್ಕಿ ಬೇಯಲಿ ಅಂತ ಕಾದು, ಕೊನೆಗೆ ಖರ್ಜೂರ ತಿಂದು ಮಲಗಿದ್ದರು. ಅಡುಗೆಮನೆ ಇರುವ ಬಾಡಿಗೆ ಮನೆ ತೆಗೆದುಕೊಳ್ಳುವುದೇ ಮೇಲು, ಐದು ಜನಕ್ಕೆ ಜಾಗವೂ ಸಾಲುತ್ತದೆ. ಪಾತ್ರೆಗಳನ್ನು ಮೊದಲು ಚೆನ್ನಾಗಿ ತೊಳೆದುಕೊಳ್ಳಿ. ವಿಮಾನದ ಮುಸ್ಲಿಂ ಊಟಕ್ಕೆ ಕನಿಷ್ಠ 24 ಗಂಟೆ ಮೊದಲು ಹೇಳಿರಬೇಕು, ಅದೂ ಪ್ರತಿಯೊಂದು ವಿಮಾನಕ್ಕೂ ಬೇರೆ ಬೇರೆ.

ನಮಾಜ್ ವಿಷಯ ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಮೂರೂ ಊರುಗಳ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಕೋಣೆ ಇದೆ. ಟೋಕಿಯೋ ರೈಲು ನಿಲ್ದಾಣದಲ್ಲೂ ಇದೆ. ಮುಸಾಫಿರರಿಗೆ, ಅಂದರೆ ಪ್ರಯಾಣದಲ್ಲಿರುವವರಿಗೆ, ನಾಲ್ಕು ರಕಾತ್‌ನ (ಸುತ್ತಿನ) ನಮಾಜ್ ಎರಡಾಗುತ್ತದೆ, ಎರಡು ಹೊತ್ತಿನದು ಸೇರಿಸಿ ಮಾಡುವುದು ನಿಮ್ಮ ಮಜಹಬ್ ಪ್ರಕಾರ. ಲುಹರ್ (ಮಧ್ಯಾಹ್ನದ ನಮಾಜ್) ಮತ್ತು ಅಸರ್ (ಸಂಜೆಗೆ ಮೊದಲಿನ ನಮಾಜ್) ಹೊತ್ತಿಗೆ ಎಲ್ಲಿರುತ್ತೀರಿ ಅಂತ ಬೆಳಿಗ್ಗೆಯೇ ನೋಡಿಕೊಂಡರೆ ಸಾಕು. ತೆಳುವಾದ ಮುಸಲ್ಲಾ (ನಮಾಜಿನ ಚಾಪೆ), ವುಜೂಗೆ (ನಮಾಜಿಗೆ ಮೊದಲು ಕೈಕಾಲು, ಮುಖ ತೊಳೆಯಲು) ಒಂದು ಬಾಟಲಿ ಕೈಚೀಲದಲ್ಲಿರಲಿ. ಅಮ್ಮಿಗೆ ಚಿಕ್ಕ ಮಡಚುವ ಕುರ್ಚಿಯೂ.

ಅಮ್ಮಿಗೆ ಇನ್ನೂ ಅಳುಕಿದ್ದರೆ ಮಧ್ಯೆ ಎರಡು ದಿನ ಕ್ವಾಲಾಲಂಪುರ ಸೇರಿಸಿ. ಅಲ್ಲಿ ಹುಡುಕುವ ಕೆಲಸವೇ ಇಲ್ಲ. ಹೋಟೆಲ್ ಕೋಣೆಯ ಚಾವಣಿಯಲ್ಲೇ ಕಿಬ್ಲಾದ (ನಮಾಜಿಗೆ ಮುಖ ಮಾಡುವ ಮೆಕ್ಕಾ ದಿಕ್ಕಿನ) ಬಾಣ ಇರುತ್ತದೆ, ಇಸ್ಲಾಮಿಕ್ ಕಲೆಗಳ ಮ್ಯೂಸಿಯಂಗೆ ಅರ್ಧ ದಿನ ಬೇಕು. ಮುಂದೊಂದು ಸಲ ಹಾಂಗ್‌ಕಾಂಗ್‌ಗೆ ಹೋದರೆ ವಾನ್ ಚಾಯ್‌ನ ಅಮ್ಮಾರ್ ಮಸೀದಿಯ ಕ್ಯಾಂಟೀನಿನಲ್ಲಿ ಹಲಾಲ್ ಡಿಮ್ ಸಮ್ (ಚಿಕ್ಕ ಚಿಕ್ಕ ಚೀನೀ ತಿಂಡಿಗಳು) ತಿನ್ನಿ. ಚೀನಾದ ಶಿಯಾನ್‌ನಲ್ಲಿ ಮಹಾ ಮಸೀದಿಯ ಸುತ್ತಲಿನ ಹುಯ್ ಮುಸ್ಲಿಮರ ಬೀದಿ ಇದೆ. ಚೀನಾದಲ್ಲಿ ಅರೇಬಿಕ್ ಬರಹಕ್ಕಾಗಿ ಹುಡುಕಬೇಡಿ, ಈಚಿನ ವರ್ಷಗಳಲ್ಲಿ ಬೀಜಿಂಗ್‌ನಂಥ ಊರುಗಳಲ್ಲಿ ಫಲಕಗಳಿಂದ ಅದನ್ನು ತೆಗೆಸಿದ್ದಾರೆ. ಹಲಾಲ್‌ಗೆ ಅಲ್ಲಿನ ಮಾತು "ಚಿಂಗ್ ಜೆನ್", ಆ ಎರಡು ಚೀನೀ ಅಕ್ಷರ ನೋಡಿ.

ಇನ್ನು ಮಗಳ ರಾಮೆನ್. ಅಸಾಕುಸಾದಲ್ಲಿ ಹಲಾಲ್ ರಾಮೆನ್ ಅಂಗಡಿಗಳಿವೆ, ಸಾರು ಕೋಳಿಯದ್ದು. ಅಂಗಡಿಗಳು ಚಿಕ್ಕವು, ಮಧ್ಯಾಹ್ನ ಹನ್ನೆರಡಾದರೆ ಸಾಲು ನಿಂತಿರುತ್ತದೆ. ದೇವಾಲಯದ ಬೀದಿಯನ್ನು ಬೆಳಿಗ್ಗೆಯೇ ನೋಡಿ, ತೆರೆಯುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲಿ. ಅಮ್ಮಿಗೆ ಖಾರ ಬೇಕಾದರೆ ಮೆಣಸಿನೆಣ್ಣೆ ಬೇರೆ ಕೇಳಿ. ಬಟ್ಟಲು ಬಂದ ತಕ್ಷಣ ತಿನ್ನಲು ಹೇಳಿ, ನೂಡಲ್ಸ್ ಬೇಗ ಮೆತ್ತಗಾಗುತ್ತದೆ.